ಹನ್ನೆರಡರವರೆಗಿನ ಮೌನ

ವಿದೇಶಾಂಗ ಖಾತೆಯ ಕಾನೂನು ವಿಭಾಗದ ಮುಖ್ಯಸ್ಥೆಯನ್ನು ಕಚೇರಿಯವರೆಲ್ಲ ಯಾವಾಗಮ್ಮ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆಯೂ ಎದುರಿಗೂ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಮೇಜಿಗೆ ಬಂದ ಪ್ರತಿ ಕಡತಕ್ಕೂ ಅವರು ಹಾಕಿದ ಮೊದಲ ಪ್ರಶ್ನೆ ಅದೇ: ಯಾವಾಗ? ಒಂದು ದೇಶ ಇನ್ನೊಂದರ ಮೇಲೆ ಸೈನ್ಯ ಬಳಸಬಹುದೇ ಎಂಬುದಕ್ಕೆ ಅವರ ಪ್ರಕಾರ ಅರ್ಧ ಉತ್ತರ ಗಡಿಯಾರದಲ್ಲೇ ಇತ್ತು. ಏಟು ಬೀಳುತ್ತಿರುವಾಗ ಕೈ ಎತ್ತಿದರೆ ಆತ್ಮರಕ್ಷಣೆ. ಹೊಡೆದವನು ಮನೆಗೆ ಹೋಗಿ ಉಂಡು ಮಲಗಿದ ಮೇಲೆ ಅವನ ಬಾಗಿಲು ಒದ್ದರೆ ಅದು ಸೇಡು. ಮೊದಲನೆಯದಕ್ಕೆ ವಿಶ್ವಸಂಸ್ಥೆಯ ಸನ್ನದಿನಲ್ಲಿ ಜಾಗವಿದೆ, ಎರಡನೆಯದಕ್ಕೆ ಇಲ್ಲ.

ಇಷ್ಟು ತಿಳಿದವರೇ ಆ ಗುರುವಾರ ಸಂಜೆ ಎಡವಿದ್ದರು. ಎಡವಿದ್ದು ಗೊತ್ತಾದದ್ದು ಶುಕ್ರವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ.

ಭದ್ರತಾ ಮಂಡಳಿಗೆ ಹೋಗಬೇಕಾದ ಪತ್ರದ ಕರಡು ಅದು. ಹನ್ನೊಂದು ದಿನಗಳ ಹಿಂದೆ, ಸೋಮವಾರ ಬೆಳಗ್ಗೆ ಆರು ನಲವತ್ತಕ್ಕೆ, ಗಡಿಯ ಗುಡ್ಡದ ಕೆಳಗಿನ ಸುಂಕದ ಠಾಣೆಯ ಮೇಲೆ ಪಕ್ಕದ ದೇಶದ ತೋಪುಗಳು ಗುಂಡು ಹಾರಿಸಿದ್ದವು. ಕಟ್ಟಡದ ಮೇಲಿನ ಮಾಡು ಸುಟ್ಟುಹೋಯಿತು, ಇಬ್ಬರು ಕಾವಲುಗಾರರು ಗಾಯಗೊಂಡರು. ಹತ್ತು ನಿಮಿಷದಲ್ಲಿ ಎಲ್ಲ ನಿಂತಿತು. ಮೂರನೇ ದಿನ ಆ ಕಡೆಯಿಂದ ಎರಡು ಸಾಲು ಬಂದಿತ್ತು: ಹೊಸ ಅಧಿಕಾರಿಯೊಬ್ಬನ ಎಡವಟ್ಟು, ವಿಷಾದವಿದೆ. ಯಾರೂ ಅದನ್ನು ನಂಬಲಿಲ್ಲ, ಯಾರೂ ಅಲ್ಲಗಳೆಯಲೂ ಇಲ್ಲ.

ಪತ್ರದ ಮೊದಲ ಎರಡು ಪುಟಗಳಲ್ಲಿ ಈ ವಿವರ ಇತ್ತು, ಖಂಡನೆ ಇತ್ತು. ಇಂಥ ಪತ್ರಗಳ ಮೂರನೇ ಪುಟದಲ್ಲಿ ಇರುವುದು ಅಧ್ಯಕ್ಷರಿಗೆ ಗೌರವ ಸೂಚಿಸುವ ನಾಲ್ಕು ಸಾಲು ಮಾತ್ರ. ಇಪ್ಪತ್ತೆರಡು ವರ್ಷ ಹಾಗೇ ಇತ್ತು. ಗುರುವಾರ ನಾಲ್ಕೂವರೆಗೆ ತಮ್ಮನ ಹೆಂಡತಿ ಫೋನ್ ಮಾಡಿ, ಅಮ್ಮನ ಹೊಸ ಕನ್ನಡಕ ಸಿದ್ಧವಾಗಿದೆ, ಅಂಗಡಿ ಐದಕ್ಕೆ ಮುಚ್ಚುತ್ತೆ ಎಂದಿದ್ದಳು. ಯಾವಾಗಮ್ಮ ಎರಡು ಪುಟ ಓದಿ, ಮೂರನೆಯದನ್ನು ಮಗುಚದೆ, 'ಕಂಡಿದೆ' ಎಂದು ಬರೆದು ಸಹಿ ಹಾಕಿ ಚೀಲ ಎತ್ತಿಕೊಂಡಿದ್ದರು. ಅಮ್ಮ ಹೊಸ ಕನ್ನಡಕ ಏರಿಸಿ ಮನೆಯವರೆಗೂ ಬೀದಿಯ ಪ್ರತಿ ಫಲಕವನ್ನೂ ಗಟ್ಟಿಯಾಗಿ ಓದುತ್ತ ಬಂದಿದ್ದಳು, ಹಲ್ಲಿನ ಡಾಕ್ಟರ ಬೋರ್ಡಿನ ಕೆಳಗಿನ ಫೋನ್ ನಂಬರು ಸಹಿತ. ಬಹಳ ಒಳ್ಳೆಯ ಸಂಜೆ ಅದು.

ಈಗ ಮಾಹಿತಿಗಾಗಿ ಬಂದ ಪ್ರತಿಯ ಮೂರನೇ ಪುಟ ಹೀಗಿತ್ತು: 'ದಾಳಿ ಮುಂದುವರಿದಿದ್ದು, ಗುಡ್ಡದ ಮೇಲಿನ ತೋಪುಗಳು ಇಂದಿಗೂ ನಮ್ಮ ಠಾಣೆಗೆ ಗುರಿಯಿಟ್ಟು ನಿಂತಿರುವುದರಿಂದ, ಸನ್ನದಿನ ಐವತ್ತೊಂದನೇ ವಿಧಿಯಂತೆ ಆತ್ಮರಕ್ಷಣೆಗಾಗಿ ಸೇನಾ ಕ್ರಮ ಕೈಗೊಳ್ಳಲಾಗುತ್ತಿದೆ.'

ಯಾವಾಗಮ್ಮ ಆ ಪ್ರತಿಯನ್ನು ಹಿಡಿದು ಮೂರನೇ ಮಹಡಿಗೆ ನಡೆದರು.

ಆ ಖಾತೆಯಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಮೌನ ಸಮ್ಮತಿ ಎನ್ನುತ್ತಿದ್ದರು. ಕರಡು ಐದು ವಿಭಾಗಗಳಿಗೆ ಹೋಗುತ್ತದೆ. ಗೊತ್ತುಮಾಡಿದ ಗಂಟೆಯೊಳಗೆ ಯಾವ ವಿಭಾಗವೂ ಬರವಣಿಗೆಯಲ್ಲಿ ಆಕ್ಷೇಪಿಸದಿದ್ದರೆ ಎಲ್ಲರೂ ಒಪ್ಪಿದಂತೆ. ಒಂದು ವಿಭಾಗ ಆಕ್ಷೇಪಿಸಿದರೂ ಪತ್ರ ಹಿಂದಕ್ಕೆ. ಆದರೆ ಒಂದು ವಿಭಾಗಕ್ಕೆ ಒಂದೇ ಸಲ ಬಾಯಿ. 'ಕಂಡಿದೆ' ಎಂದು ಬರೆದವರ ಬಾಯಿ ಅಲ್ಲಿಗೆ ಮುಚ್ಚಿತು. ಈ ಕರಡಿನ ಗಡುವು ಮಧ್ಯಾಹ್ನ ಹನ್ನೆರಡು. ಪತ್ರಕ್ಕೆ ಒಪ್ಪಿಗೆ ಸಿಗದೆ ಸೈನ್ಯಕ್ಕೆ ಅಪ್ಪಣೆ ಹೋಗಬಾರದು ಎಂಬುದು ಸಂಪುಟದ ನಿಯಮ. ಅಂದರೆ, ಹನ್ನೆರಡಾದ ಮೇಲೆ ತೋಪಿಗೆ ದಾರಿ ಬಿಟ್ಟಂತೆ.

ಕರಡು ಬರೆದದ್ದು ಮೂರನೇ ಮಹಡಿಯ ಸೇನಾ ಸಂಪರ್ಕ ವಿಭಾಗ. ಅದರ ಮುಖ್ಯಸ್ಥ ಕರ್ನಲ್, ಯಾವಾಗಮ್ಮನ ಸ್ವಂತ ತಮ್ಮ. ಒಂದೇ ಮನೆಯಲ್ಲಿ ಅವನು ಮೇಲಿನ ಮಹಡಿ, ಅಕ್ಕ ಮತ್ತು ಅಮ್ಮ ಕೆಳಗಿನದು.

"ಇಂಗು ತಿಂದ ಮಂಗನ ಹಾಗೆ ಯಾಕೆ ನಿಂತಿದ್ದೀಯ, ಕೂತ್ಕೊ ಅಕ್ಕ," ಎಂದ ಕರ್ನಲ್.

"ಮೂರನೇ ಪುಟದಲ್ಲಿ ಇದನ್ನ ಯಾಕೋ ಇಟ್ಟೆ?"

"ಎರಡನೇ ಪುಟದಲ್ಲಿ ಜಾಗ ಇರಲಿಲ್ಲ." ಅವನ ಮುಖದಲ್ಲಿ ಕಪಟವಿರಲಿಲ್ಲ, ಅದೇ ಹೆಚ್ಚು ಸಂಕಟದ ವಿಷಯ. "ನೀನೇ 'ಕಂಡಿದೆ' ಅಂತ ಬರೆದು ಸಹಿ ಹಾಕಿದ್ದೀಯ. ಈಗ ಬಂದು ನಾನು ಕುರುಡಿ ಅಂದ್ರೆ?"

"ಕುರುಡೀನೇ. ನಿನ್ನೆ ಒಂದು ಪುಟಕ್ಕೆ ಮಾತ್ರ. ದಾಳಿ ಮುಂದುವರಿದಿದೆ ಅಂತ ಬರೆದಿದ್ದೀಯಲ್ಲ, ಎಲ್ಲಿ ಮುಂದುವರಿದಿದೆ? ಹನ್ನೊಂದು ದಿನದಿಂದ ಒಂದು ಪಟಾಕಿ ಸಿಡಿದಿಲ್ಲ."

"ತೋಪು ಅಲ್ಲೇ ಇದೆ. ನಾಳೆ ಮತ್ತೆ ಹೊಡೀತಾರೆ. ವಿಮಾನದಿಂದ ತೆಗೆದ ಚಿತ್ರ ಇದೆ ನನ್ನ ಹತ್ರ."

"ಯಾವಾಗ ತೆಗೆದದ್ದು?"

ಕರ್ನಲ್‌ಗೆ ನಗು ತಡೆಯಲಾಗಲಿಲ್ಲ. "ಕೇಳ್ತೀಯ ಅಂತ ಗೊತ್ತಿತ್ತು. ಹತ್ತು ದಿನ ಆಯ್ತು. ಆಮೇಲೆ ಮೋಡ."

"ಹತ್ತು ದಿನದ ಹಿಂದಿನ ಚಿತ್ರ ಇಟ್ಕೊಂಡು 'ಇಂದಿಗೂ' ಅಂತ ಬರೀತಾರಾ? ಅವತ್ತು ಆರು ನಲವತ್ತಕ್ಕೆ, ಗುಂಡು ಬೀಳ್ತಾ ಇರುವಾಗ, ನೀವು ತಿರುಗಿ ಹೊಡೆದಿದ್ರೆ ಈ ಪತ್ರ ನಾನೇ ಬರೆದುಕೊಡ್ತಿದ್ದೆ. ಖುಷಿಯಿಂದ ಬರೀತಿದ್ದೆ."

"ನಮ್ಮವರು ಅಪ್ಪಣೆ ಕೇಳಿದ್ರು. ಮೇಲಿನವರು ಅವರ ಮೇಲಿನವರನ್ನ ಕೇಳಿದ್ರು. ಅಷ್ಟರಲ್ಲಿ..."

"ಅಷ್ಟರಲ್ಲಿ ನಿಂತುಹೋಯ್ತು. ನಿಂತ ಮೇಲೆ ಹೊಡೆದ್ರೆ ಅದಕ್ಕೆ ಬೇರೆ ಹೆಸರು, ಮಾರಾಯ."

ಕರ್ನಲ್ ಎದ್ದು ಕಿಟಕಿಯ ಕಡೆ ಹೋದ. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು. "ಒಬ್ಬನ ಮೊಣಕಾಲ ಕೆಳಗಿನ ಮೂಳೆ ಪುಡಿಯಾಗಿದೆ. ನಾನು ಮೂರು ಸಲ ಆಸ್ಪತ್ರೆಗೆ ಹೋಗಿ ಬಂದೆ. ಹೋದಾಗೆಲ್ಲ ಅವನು ನನ್ನ ಮುಖ ನೋಡ್ತಾನೆ, ಏನೂ ಕೇಳಲ್ಲ. ಏನು ಹೇಳಲಿ ಅವನಿಗೆ? ನಮ್ಮಕ್ಕ ಕಾನೂನು ಓದಿದ್ದಾಳೆ, ಅದಕ್ಕೆ ನಿನ್ನ ಕಾಲಿಗೆ ನಾವೇನೂ ಮಾಡ್ಲಿಲ್ಲ ಅಂತಾನಾ?"

"ಏನೂ ಮಾಡ್ಬೇಡ ಅಂತ ಯಾರು ಹೇಳಿದ್ರು? ದೂರು ಕೊಡು. ತನಿಖೆ ಕೇಳು. ಹೊಡೆದವರ ಹೆಸರು ಕೇಳು. ಅವನಿಗೆ ಹೇಳೋದು ಕಷ್ಟ ಆದ್ರೆ ನಾನೇ ಬಂದು ಹೇಳ್ತೀನಿ."

"ನಿಯಮ ಅಂದ್ರೆ ನಿಯಮ, ಅಕ್ಕ. ನೀನೇ ಕಲಿಸಿದ್ದು."

ಖಾತೆಯ ಕಾರ್ಯದರ್ಶಿಯ ಕೋಣೆಗೆ ಹೋದಾಗ ಅವರೂ ಅದನ್ನೇ ಹೇಳಿದರು. ಅವರು ಗಡಿಯಾರದಂಥ ಮನುಷ್ಯ. ಮುಂದೆಯೂ ಓಡುವುದಿಲ್ಲ, ಹಿಂದೆಯೂ ಬೀಳುವುದಿಲ್ಲ. ಯಾವಾಗಮ್ಮ ತಮ್ಮ ತಪ್ಪನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡದ್ದನ್ನು ಅವರು ಗಮನವಿಟ್ಟು ಕೇಳಿದರು.

"ಓದದೆ ಸಹಿ ಹಾಕಿದಿರಿ. ಆಯ್ತು, ನೀವೂ ಮನುಷ್ಯರೇ. ಆದರೆ ನಿಮ್ಮೊಬ್ಬರಿಗೆ ಎರಡನೇ ಸಲ ಬಾಯಿ ಕೊಟ್ಟರೆ ನಾಳೆ ಎಲ್ಲರೂ ಬರ್ತಾರೆ. ಐದು ವಿಭಾಗದಲ್ಲಿ ನಾಲ್ಕು 'ಕಂಡಿದೆ' ಅಂದಿವೆ. ಉಳಿದದ್ದು ನಕ್ಷೆ ವಿಭಾಗ. ಅವರು ಲಿಖಿತವಾಗಿ ಆಕ್ಷೇಪಿಸಿದರೆ, ಹನ್ನೆರಡರೊಳಗೆ ನನ್ನ ಮೇಜಿಗೆ ಬಂದರೆ, ನಾನು ನಿಲ್ಲಿಸ್ತೀನಿ. ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಬಂದರೆ ಚಹಾ ಕೊಡ್ತೀನಿ."

ನಕ್ಷೆ ವಿಭಾಗ! ಅದು ಒಂದು ವಿಭಾಗ ಎಂಬುದೇ ಅರ್ಧ ಕಚೇರಿಗೆ ನೆನಪಿರಲಿಲ್ಲ. ನೆಲಮಾಳಿಗೆಯಲ್ಲಿ, ಮಂಚದಷ್ಟು ಅಗಲದ ಕಬ್ಬಿಣದ ಡ್ರಾಯರುಗಳ ನಡುವೆ, ಇಬ್ಬರು ಕೆಲಸ ಮಾಡುತ್ತಿದ್ದರು. ಮುಖ್ಯಸ್ಥರಿಗೆ ಮೂವತ್ತೈದಕ್ಕೇ ತಲೆ ಬೆಳ್ಳಗಾಗಿದ್ದರಿಂದ ಅಂದಿನಿಂದಲೂ ನಕ್ಷೆಯಜ್ಜ ಎಂದೇ ಹೆಸರು. ಈಗ ಅವರಿಗೆ ನಿವೃತ್ತಿಗೆ ಎಂಟು ತಿಂಗಳು. ಮೂವತ್ತೊಂದು ವರ್ಷದಲ್ಲಿ ಅವರು ಯಾವ ಕರಡಿಗೂ ಹೂಂ ಅಂದವರಲ್ಲ, ಉಹೂಂ ಅಂದವರೂ ಅಲ್ಲ. ಬಂದ ಕಾಗದವನ್ನು ಕೆಳಗಿನ ಡ್ರಾಯರಿಗೆ ಇಳಿಬಿಟ್ಟು ಕೆಲಸಕ್ಕೆ ಮರಳುತ್ತಿದ್ದರು.

ಯಾವಾಗಮ್ಮ ಮೆಟ್ಟಿಲಿಳಿದಾಗ ಹನ್ನೊಂದು ಗಂಟೆ ಐದು ನಿಮಿಷ. ನಕ್ಷೆಯಜ್ಜ ಭೂತಗನ್ನಡಿ ಹಿಡಿದು ಒಂದು ಹೊಳೆಯ ತಿರುವನ್ನು ತಿದ್ದುತ್ತಿದ್ದರು.

"ಬನ್ನಿ ಮೇಡಂ, ಅಪರೂಪ. ದಾರಿ ತಪ್ಪಿತಾ?"

"ದಾರಿ ತಪ್ಪಿದವರು ನಕ್ಷೆಯವರ ಹತ್ರಾನೇ ಬರ್ಬೇಕಲ್ಲ." ಅವರು ಕೂರಲಿಲ್ಲ. ಆಕ್ಷೇಪ ಬರೆದುಕೊಡಿ ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇನ್ನೊಬ್ಬರ ಬಾಯಲ್ಲಿ ತನ್ನ ಮಾತು ತುರುಕುವುದು ಓದದೆ ಸಹಿ ಹಾಕುವುದಕ್ಕಿಂತ ಕಡಿಮೆ ತಪ್ಪೇನಲ್ಲ. "ಸುಂಕದ ಠಾಣೆಯ ಮೇಲಿನ ಗುಡ್ಡದ ಬಗ್ಗೆ ನಿಮಗೆ ಏನು ಗೊತ್ತು? ಗೊತ್ತಿದ್ದಷ್ಟೇ ಹೇಳಿ."

"ಗೊತ್ತಿಲ್ಲದೆ ಏನು, ಮಂಗಳವಾರ ಅಲ್ಲೇ ಇದ್ದೆ."

"ಯಾವ ಮಂಗಳವಾರ?"

"ಮೊನ್ನೆ. ಮೂರು ದಿನ ಆಯ್ತು." ನಕ್ಷೆಯಜ್ಜ ಭೂತಗನ್ನಡಿ ಕೆಳಗಿಟ್ಟರು. "ಗಡಿಕಲ್ಲುಗಳಿಗೆ ಪ್ರತಿ ವರ್ಷ ಈ ತಿಂಗಳು ಬಣ್ಣ ಹಚ್ಚಬೇಕು. ಹಳೇ ಒಪ್ಪಂದ. ನಮ್ಮವರು ಇಬ್ಬರು, ಅವರ ಕಡೆಯವರು ಇಬ್ಬರು, ಜೊತೆಗೇ ಹೋಗಬೇಕು. ಬಿಳಿ ಬಣ್ಣ ನಮ್ಮದು, ಕೆಂಪು ಅಂಕಿ ಅವರದು."

"ಠಾಣೆ ಮೇಲೆ ಗುಂಡು ಬಿದ್ದ ಮೇಲೂ ಹೋದ್ರಾ?"

"ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಅವರಿಗೂ ಅವರ ಕಡೆ ಯಾರೂ ಹೇಳಿರಲಿಲ್ಲವಂತೆ." ಅವರು ಸ್ವಲ್ಪ ಗಾಬರಿಯಾದರು. "ಹೋಗಬಾರದಿತ್ತಾ? ಮೌನ ಸಮ್ಮತಿ ಅಂದ್ಕೊಂಡ್ವಿ."

ಯಾವಾಗಮ್ಮನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ತೋಪು ಕಂಡ್ರಾ?"

"ಎಲ್ಲಿಯ ತೋಪು? ಹದಿನಾಲ್ಕನೇ ಕಲ್ಲಿನಿಂದ ನಾನೂರು ಮೀಟರು. ತೋಪು ಇಟ್ಟಿದ್ದ ಮೂರು ಗುಂಡಿ ಇವೆ. ಮೂರರಲ್ಲೂ ನೀರು ನಿಂತು ಕಪ್ಪೆ ಕೂಗ್ತಾ ಇದ್ವು. ಚಕ್ರದ ಜಾಡು ಹಿಂದಕ್ಕೆ, ಅವರ ಊರಿನ ಕಡೆಗೆ ಹೋಗಿದೆ, ಅದರ ಮೇಲೆ ಹುಲ್ಲು ಚಿಗುರಿದೆ. ಕಲ್ಲಿನ ಸುತ್ತ ಐನೂರು ಮೀಟರಿನಲ್ಲಿ ಏನೇನಿದೆ ಅಂತ ಬರ್ಕೊಳ್ಳೋದು ನಮ್ಮ ಪದ್ಧತಿ. ಇಲ್ಲೇ ಇದೆ ನೋಡಿ." ಅವರು ಮೇಣದ ಬಟ್ಟೆ ಸುತ್ತಿದ ಪುಸ್ತಕ ತೆರೆದರು. ದಿನಾಂಕ, ಗಂಟೆ, ದೂರ, ಕೆಳಗೆ ನಾಲ್ಕು ಸಹಿ: ಎರಡು ಈ ದೇಶದವು, ಎರಡು ಆ ದೇಶದವು.

ಯಾವಾಗಮ್ಮ ಕರಡಿನ ಮೂರನೇ ಪುಟವನ್ನು ಪುಸ್ತಕದ ಪಕ್ಕದಲ್ಲಿಟ್ಟರು. ನಕ್ಷೆಯಜ್ಜ ಅದನ್ನು ಓದಿದರು. ಭೂತಗನ್ನಡಿ ಹಿಡಿದು ಇನ್ನೊಮ್ಮೆ ಓದಿದರು.

"'ಇಂದಿಗೂ ನಿಂತಿವೆ' ಅಂತ ಬರೆದಿದ್ದಾರಲ್ಲ! ಇದು ಸುಳ್ಳಾಯ್ತಲ್ಲ ಮೇಡಂ!"

"ಬರೆದವರು ಸುಳ್ಳು ಅಂತ ತಿಳಿದು ಬರೆದದ್ದಲ್ಲ. ಅವರಿಗೆ ಕಂಡದ್ದು ಹಳೇ ಚಿತ್ರ. ನೀವು ಆಕ್ಷೇಪಿಸಿದ್ರೆ ಪತ್ರ ನಿಲ್ಲುತ್ತೆ. ಇಲ್ಲಾಂದ್ರೆ ಹನ್ನೆರಡಕ್ಕೆ ಒಪ್ಪಿದ ಹಾಗೆ. ನಿಮ್ಮ ಇಷ್ಟ."

ನಕ್ಷೆಯಜ್ಜ ಪೆನ್ನು ಎತ್ತಿಕೊಂಡು, ಮತ್ತೆ ಕೆಳಗಿಟ್ಟರು. ಎಂಟು ತಿಂಗಳು. ಮೂವತ್ತೊಂದು ವರ್ಷ ಯಾರ ಗೊಡವೆಗೂ ಹೋಗದೆ ಕಳೆದದ್ದು. ಗೋಡೆಯ ಗಡಿಯಾರ ಹನ್ನೊಂದು ಇಪ್ಪತ್ತು ತೋರಿಸಿತು.

"ನಾನು ರಾಜಕೀಯ ಎಲ್ಲ ಬರೆಯಲ್ಲ."

"ಬೇಡವೇ ಬೇಡ."

"ನೀರು ನಿಂತಿತ್ತು ಅಂತ ಬರೀತೀನಿ. ನಿಂತಿತ್ತು, ಅದಕ್ಕೆ."

ನಾಲ್ಕು ಸಾಲು ಬರೆಯಲು ಅವರಿಗೆ ಹದಿನೆಂಟು ನಿಮಿಷ ಹಿಡಿಯಿತು; ದೂರವನ್ನು ಮೂರು ಸಲ ತಾಳೆ ನೋಡಿದರು. ಆಮೇಲೆ ಮೊಹರಿನ ಹುಡುಕಾಟ. ಮೊಹರಿಲ್ಲದ ಆಕ್ಷೇಪ ಆಕ್ಷೇಪವಲ್ಲ. ಒಂದೊಂದೇ ಡ್ರಾಯರು ಎಳೆದು ನೋಡಿದರು. ಯಾವಾಗಮ್ಮ ಮೊಣಕಾಲೂರಿ ಕಪಾಟಿನ ಅಡಿಗೆ ಕೈ ಹಾಕಿದರು. ಕೊನೆಗೆ ಸಿಕ್ಕಿದ್ದು ಒಂದು ದ್ವೀಪಸಮೂಹದ ನಕ್ಷೆ ಗಾಳಿಗೆ ಹಾರದಂತೆ ಇಟ್ಟ ಭಾರವಾಗಿ. ಶಾಯಿಯ ಪ್ಯಾಡು ಒಣಗಿ ರೊಟ್ಟಿಯಾಗಿತ್ತು.

"ಹೊಳೆಗೆ ಹಚ್ಚೋ ನೀಲಿ ಇದೆ," ಎಂದರು ನಕ್ಷೆಯಜ್ಜ, ಕುಂಚ ಅದ್ದುತ್ತ. "ಮೊಹರು ಕಪ್ಪೇ ಇರ್ಬೇಕು ಅಂತ ನಿಯಮ ಇದೆಯಾ?"

"ಇಲ್ಲ. ನನಗೆ ಬಾಯಿಪಾಠ."

ಐದು ಮಹಡಿ. ಲಿಫ್ಟು ಎರಡನೆಯದರಲ್ಲಿ ಯಾರದೋ ಕುರ್ಚಿ ಇಳಿಸಲು ನಿಂತಿತ್ತು. ಇಬ್ಬರೂ ಮೆಟ್ಟಿಲು ಹತ್ತಿದರು, ನಕ್ಷೆಯಜ್ಜ ಪುಸ್ತಕವನ್ನು ಎದೆಗವಚಿಕೊಂಡು, ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡು. ಕಾರ್ಯದರ್ಶಿಯ ಕೋಣೆಯಲ್ಲಿ ಕರ್ನಲ್ ಆಗಲೇ ಕೂತಿದ್ದ. ಗಂಟೆ ಹನ್ನೊಂದು ಐವತ್ತೆರಡು.

ಕಾರ್ಯದರ್ಶಿ ನೀಲಿ ಮೊಹರನ್ನು ಬೆಳಕಿಗೆ ಹಿಡಿದರು. ನಾಲ್ಕು ಸಾಲು ಓದಿದರು, ಪುಸ್ತಕದ ಪುಟ ನೋಡಿದರು.

"ನೀವು ಸ್ವತಃ ಕಂಡದ್ದಾ?"

"ಸ್ವತಃ ಕಂಡದ್ದು. ಗುಂಡಿಯೊಂದಕ್ಕೆ ಕಡ್ಡಿ ಹಾಕಿ ಅಳೆದೆ. ನಲವತ್ತು ಸೆಂಟಿಮೀಟರು ನೀರು."

ಕರ್ನಲ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಅವನು ಓದುವಾಗ ಯಾವಾಗಮ್ಮ ಅವನ ಕಿವಿಯನ್ನು ನೋಡಿದರು. ಚಿಕ್ಕಂದಿನಿಂದಲೂ ಅವನಿಗೆ ನಾಚಿಕೆಯಾದರೆ ಮೊದಲು ಕೆಂಪಾಗುವುದು ಕಿವಿ.

"ಮುಂದಿನ ಕಲ್ಲುಗಳಿಗೆ ಯಾವತ್ತು ಬಣ್ಣ?" ಎಂದು ಕೇಳಿದ.

"ಇವತ್ತೇ. ಹದಿನಾರನೇ ಕಲ್ಲು. ನನ್ನ ಸಹಾಯಕ ಬಣ್ಣದವನೊಬ್ಬನನ್ನು ಕರ್ಕೊಂಡು ಹೋಗಿದ್ದಾನೆ, ಅವರ ಕಡೆಯ ಇಬ್ಬರ ಜೊತೆ. ಸಂಜೆವರೆಗೂ ಅಲ್ಲೇ ಇರ್ತಾರೆ."

ಕರ್ನಲ್ ಪುಸ್ತಕ ಮುಚ್ಚಿದ. ಫೋನು ಎತ್ತಿ, ತನ್ನ ಸಂಕೇತದ ಮಾತಿನಲ್ಲಿ ಎರಡೇ ವಾಕ್ಯ ಹೇಳಿ ಇಟ್ಟ. ಆಮೇಲೆ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ನಮ್ಮವರ ಮೇಲೇ ಹೊಡೀತಿದ್ದೆ, ಅಕ್ಕ."

"ಅಲ್ಲಿ ನರಪಿಳ್ಳೆ ಇಲ್ಲದೆ ಇದ್ರೂ ನನ್ನ ಉತ್ತರ ಇದೇ," ಎಂದರು ಯಾವಾಗಮ್ಮ. ಗದರಿಕೆಯಲ್ಲ, ಇದೊಂದು ವಿಷಯದಲ್ಲಿ ಅವನಿಗೆ ಗೊಂದಲ ಉಳಿಯಬಾರದು ಎಂದು.

"ಗೊತ್ತು ಕಣೆ. ಬಿಡು, ಗಾಯಕ್ಕೆ ಉಪ್ಪು ಹಾಕ್ಬೇಡ."

"ಮೌನ ಮುರಿದಿದೆ," ಎಂದು ಕಾರ್ಯದರ್ಶಿ ದಾಖಲಿಸಿ, ಗಂಟೆ ಬರೆದರು. "ಮುರಿದವರು ಹೊಸ ಕರಡಿಗೆ ಕೂರಬೇಕು. ಅಜ್ಜನವರೇ, ಎರಡು ಗಂಟೆಗೆ ಬನ್ನಿ."

"ಅಯ್ಯೋ, ಎರಡಕ್ಕಾ? ನನ್ನ ಹೊಳೆ ಅರ್ಧಕ್ಕೆ ನಿಂತಿದೆ."

ಎರಡು ಗಂಟೆಗೆ ಕೂತವರು ನಾಲ್ಕಕ್ಕೆ ಎದ್ದರು. ಹೊಸ ಪತ್ರದಲ್ಲಿ ಸೋಮವಾರದ ಆರು ನಲವತ್ತು ಇತ್ತು, ಬಿದ್ದ ಐದು ಗುಂಡುಗಳಿದ್ದವು, ಇಬ್ಬರು ಕಾವಲುಗಾರರ ಗಾಯಗಳ ವಿವರ ಇತ್ತು, ಜಂಟಿ ತನಿಖೆಯ ಮತ್ತು ಪರಿಹಾರದ ಬೇಡಿಕೆ ಇತ್ತು. ಮತ್ತೆ ದಾಳಿಯಾದರೆ ಆತ್ಮರಕ್ಷಣೆಯ ಹಕ್ಕು ನಮ್ಮದೇ ಎಂಬ ಸಾಲನ್ನು ಕರ್ನಲ್ ಸೇರಿಸಬೇಕೆಂದ. "ಇರಲಿ," ಎಂದರು ಯಾವಾಗಮ್ಮ, "ಆ ಹಕ್ಕು ಪೆಟ್ಟಿಗೆಯಲ್ಲಿಟ್ಟರೆ ಹಳಸಲ್ಲ." ಪತ್ರ ನಾಲ್ಕೂ ಹತ್ತಕ್ಕೆ ಹೋಯಿತು.

ಕಚೇರಿಯ ಮೆಟ್ಟಿಲಲ್ಲಿ ಕರ್ನಲ್ ಕಾಯುತ್ತಿದ್ದ. "ಬರ್ತೀನಿ ಅಂದಿದ್ದೆಯಲ್ಲ. ಬಾ. ನನಗೆ ಒಬ್ಬನಿಗೇ ಹೇಳೋಕೆ ಆಗಲ್ಲ."

ಆಸ್ಪತ್ರೆಯಲ್ಲಿ ಭೇಟಿಯ ಸಮಯ ಐದರಿಂದ ಆರು. ಕಾವಲುಗಾರನಿಗೆ ಐವತ್ತರ ಹತ್ತಿರ. ಕಾಲು ತೂಗುಹಾಕಿತ್ತು, ಹೆಂಡತಿ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಕರ್ನಲ್ ಬಾಗಿಲಲ್ಲೇ ಸೆಟೆದು ನಿಂತ. ಯಾವಾಗಮ್ಮ ಕುರ್ಚಿ ಎಳೆದುಕೊಂಡು, ಸುತ್ತಿಬಳಸದೆ ಹೇಳಿದರು. ಇವತ್ತು ತಿರುಗಿ ಹೊಡೆಯುವುದು ಎಂದಿತ್ತು, ಹೊಡೆಯುತ್ತಿಲ್ಲ, ನಿಲ್ಲಿಸಲು ಹೊರಟವಳು ನಾನು, ಯಾಕೆ ಎಂದರೆ ಇದಕ್ಕೆ. ಹೇಳಿ ಮುಗಿದ ಮೇಲೆ ಅವನ ಮುಖ ನೋಡಿದರು. ಇಡೀ ದಿನದಲ್ಲಿ ಅವರಿಗೆ ನಿಜವಾಗಿ ಭಯವಾದದ್ದು ಆಗ.

ಕಾವಲುಗಾರ ತೂಗುಹಾಕಿದ ಕಾಲನ್ನು ಕೈಯಿಂದ ತೋರಿಸಿದ.

"ಅವರ ಗುಡ್ಡ ಹೊಡೆದ್ರೆ ನನ್ನ ಕಾಲು ಕೂಡ್ತಿತ್ತಾ, ಅಮ್ಮ?" ಎಂದ. "ಹೊಡೀಬೇಕು ಅಂತ ನನಗೂ ಅನ್ಸಿತ್ತು. ಮೊದಲ ವಾರ ದಿನಾ ಅನ್ಸಿತ್ತು. ಈಗ ಇಲ್ಲ." ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದ: "ಕಾಗದದಲ್ಲಿ ನನ್ನ ವಿಷಯ ಬರೆದಿದೆಯಾ?"

"ಇದೆ. ಎರಡನೇ ಪುಟದಲ್ಲಿ."

"ಓದಿ. ಹನ್ನೊಂದು ದಿನ ಆಯ್ತು, ಏನಾಯ್ತು ಅಂತ ನನ್ನ ಒಬ್ಬರೂ ಕೇಳಿಲ್ಲ. ಬರ್ತಾರೆ, ಹಣ್ಣು ಇಡ್ತಾರೆ, ಧೈರ್ಯ ಅಂತಾರೆ, ಹೋಗ್ತಾರೆ."

ಕರ್ನಲ್ ಕೆಮ್ಮಿದ. ಮೂರು ಸಲವೂ ಹಣ್ಣು ಇಟ್ಟು ಹೋದದ್ದು ಅವನೇ.

ಯಾವಾಗಮ್ಮ ಚೀಲದಿಂದ ಪ್ರತಿ ತೆಗೆದು ಓದಿದರು. ಕಾವಲುಗಾರ ತನ್ನ ಮೂಳೆಯ ಹೆಸರು ಬಂದಾಗ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಗುಂಡುಗಳ ಸಾಲು ಬಂದಾಗ ಕೈ ಎತ್ತಿ ತಡೆದ.

"ಐದಲ್ಲ, ಆರು."

"ಠಾಣೆಯ ಸುತ್ತ ನಾಲ್ಕು ಹೊಂಡ, ಮಾಡಿಗೆ ಬಿದ್ದದ್ದು ಒಂದು. ಎಣಿಸಿದ್ದಾರೆ."

"ಹೊಂಡ ಎಣಿಸಿದ್ದಾರೆ. ನಾನು ಬಿದ್ದಲ್ಲಿಂದಲೇ ಗುಂಡು ಎಣಿಸಿದ್ದೀನಿ. ಐದನೆಯದು ಮಾಡಿಗೆ, ಆರನೆಯದು ಹಿಂದಿನ ಹಾಳುಬಾವಿಗೆ. ದಬ್ ಅಂತ ಬಿತ್ತು, ಸಿಡೀಲಿಲ್ಲ. ಅಲ್ಲೇ ಇರ್ಬೇಕು."

ಬರುವ ಸೋಮವಾರ ಅದೇ ಠಾಣೆಗೆ ಹೊಸ ಮಾಡು ಹಾಕಲು ಎಂಟು ಜನ ಕೆಲಸಗಾರರು ಹೋಗುವವರಿದ್ದರು. ನೀರಿಗಾಗಿ ಆ ಬಾವಿಯ ಹೂಳೆತ್ತುವುದೂ ಕೆಲಸದ ಪಟ್ಟಿಯಲ್ಲಿತ್ತು. ಪಟ್ಟಿಗೆ ಸಹಿ ಹಾಕಿದ್ದವನು ಕರ್ನಲ್.

"ಬಾವಿಯ ಅಗಲ ಎಷ್ಟು?" ಎಂದು ಅವನು ಮಂಚದ ಹತ್ತಿರ ಬಂದ. "ಆಳ? ಕಟ್ಟೆ ಇದೆಯಾ? ದಾರಿ ಯಾವ ಕಡೆಯಿಂದ?" ಉತ್ತರಗಳನ್ನು ಅಂಗೈಯ ಮೇಲೇ ಬರೆದುಕೊಳ್ಳುತ್ತ ಹೋದ. ಕಾವಲುಗಾರ ದಿಂಬಿಗೆ ಮೊಣಕೈ ಊರಿ ಎದ್ದು ಕೂತು, ಒಂದೊಂದಕ್ಕೂ ನಿಖರವಾಗಿ ಹೇಳಿದ. ಹೆಂಡತಿ ಬಟ್ಟೆ ಬಿಟ್ಟು, "ಬಾವಿ ಹಿಂದೆ ಮುಳ್ಳುಕಂಟಿ ಇದೆ, ಆ ಕಡೆಯಿಂದ ಹೋಗ್ಬೇಡಿ ಅನ್ನಿ," ಎಂದಳು.

ಕರ್ನಲ್ ಹೊರಗೋಡಿದ. ಮೊಗಸಾಲೆಯಲ್ಲಿ ಅವನ ದನಿ ಕೇಳುತ್ತಿತ್ತು: ಸಿಡಿಮದ್ದು ತೆಗೆಯುವ ತಂಡ, ನಾಳೆ ಬೆಳಕು ಹರಿಯುತ್ತಲೇ, ಸುತ್ತ ಇನ್ನೂರು ಮೀಟರು ಯಾರೂ ಹೋಗಬಾರದು, ಹೌದು, ನಾನೇ ಬರ್ತೀನಿ. ಹನ್ನೊಂದು ದಿನಗಳಲ್ಲಿ ಆ ದನಿ ಇಷ್ಟು ಹಗುರವಾಗಿ ಕೇಳಿದ್ದು ಇದೇ ಮೊದಲು.

"ತಪ್ಪು ಬರೆದು ಕಳಿಸಿಬಿಟ್ಟಿದ್ದೀರಲ್ಲ, ಈಗೇನು ಮಾಡ್ತೀರಿ?" ಎಂದು ಕಾವಲುಗಾರ ಯಾವಾಗಮ್ಮನನ್ನು ಕೇಳಿದ. ಅವನ ಕಣ್ಣಲ್ಲಿ ತುಂಟತನವಿತ್ತು.

"ತಿದ್ದುಪಡಿ ಕಳಿಸ್ತೀನಿ. ಮಂಡಳಿಯವರಿಗೆ ಅಭ್ಯಾಸ ಇದೆ." ಯಾವಾಗಮ್ಮ ಪೆನ್ನಿನ ಮುಚ್ಚಳ ತೆಗೆದು, ತೊಡೆಯ ಮೇಲೆ ಕಾಗದ ಹರಡಿಕೊಂಡರು. "ಹೇಳಿ. ಮೊದಲನೇ ಗುಂಡು ಎಲ್ಲಿ ಬಿತ್ತು?"

ಕಾವಲುಗಾರ ದಿಂಬು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದ.